ಅಮಾವಾಸ್ಯೆಯ ಮರುದಿನ ಒಂದನೇ ನಂಬರು

ಕುಷ್ಟಗಿಯ ಕಿರಾಣಿ ಸಾವಕಾರರ ಫೋನು ಬಂದಾಗ ನಾನು ಕೊಪ್ಪಳದ ನನ್ನ ಆಫೀಸಿನಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೆ. ಅವರು ಸಕ್ಕರೆ ಕಾಯಿಲೆಯವರು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಮೊಬೈಲಿಗೆ ಬಂದ ಲಿಂಕ್ ಒತ್ತಿ ವರದಿ ನೋಡುವವರು.

“ತಂಗಿ, ನನ್ನ ಸಕ್ರಿ ಎಷ್ಟಿತ್ತು ಅಂತ ಹಳೇ ಲಿಂಕ್ ತೆಗದು ನೋಡಿದ್ನವಾ. ಬಸರು ಪಾಸಿಟಿವ್ ಅಂತ ತೋರಸಾಕತ್ತೈತಿ. ಎಪ್ಪತ್ತಕ್ಕ ಬಂದೀನಿ, ಈಗ ನಮ್ಮ ಮನ್ಯಾಕಿಗೆ ಏನಂತ ಹೇಳ್ಲಿ?”

ನಾನು ನಕ್ಕ ನಗುವಿಗೆ ಮಿರ್ಚಿಯ ಖಾರ ನೆತ್ತಿಗೇರಿತು. ಅವರೂ ನಕ್ಕರು. ಹಿಂದೆ ಅಂಗಡಿಯಲ್ಲಿದ್ದ ಗಿರಾಕಿಗಳೂ ನಗುತ್ತಿದ್ದದ್ದು ಕೇಳಿಸಿತು. ನೋಡಿ ಹೇಳುತ್ತೇನೆ ಎಂದು ಫೋನಿಟ್ಟು ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತೆ.

ಅವರು ರಕ್ತ ಕೊಡುತ್ತಿದ್ದ ಲ್ಯಾಬು ಕೊಪ್ಪಳದ ಒಬ್ಬ ಹಿರಿಯ ಡಾಕ್ಟರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಅವರ ಶಾಖೆಗಳಿದ್ದವು. ವರದಿಗಳನ್ನು ಜನರ ಮೊಬೈಲಿಗೆ ತಲುಪಿಸುವ ವೆಬ್ ಅಪ್ಲಿಕೇಶನ್ನು ನನ್ನ ಜವಾಬ್ದಾರಿ, ತೊಂದರೆಯಾದರೆ ಫೋನು ಮಾಡಲು ಅದರಲ್ಲಿ ಹಾಕಿದ್ದದ್ದೂ ನನ್ನ ನಂಬರೇ. ಅಗ್ಗದ ಇಂಟರ್ನೆಟ್ಟು ಆಗಷ್ಟೇ ಮನೆಮನೆಗೆ ಬಂದಿತ್ತು. ಹಳೆಯ ಅಪ್ಲಿಕೇಶನ್ನು ಬೇರೆ ಯಾರೋ ಬರೆದದ್ದು, ಅದು ಕೂತಿದ್ದ ಸರ್ವರನ್ನು ಮುಚ್ಚುವುದಿತ್ತು. ನಾನು ಹೊಸದು ಬರೆದು ಕೆಲವು ವಾರಗಳ ಹಿಂದಷ್ಟೇ ಚಾಲೂ ಮಾಡಿದ್ದೆ.

ಹಳೆಯದರಲ್ಲಿ ಒಂದೊಂದು ವರದಿಯ ವಿಳಾಸದಲ್ಲೂ ನಾಲ್ಕು ಸಂಗತಿ ಇರುತ್ತಿದ್ದವು: ಶಾಖೆ, ವರ್ಷ, ತಿಂಗಳು ಮತ್ತು ಆ ತಿಂಗಳಲ್ಲಿ ರೋಗಿಯ ನಂಬರು. ನೋಡಲು ಕಸದ ಗುಡ್ಡೆಯಂತಿತ್ತು. ಹೊಸದರಲ್ಲಿ ನಾನು ಚೊಕ್ಕಟವಾಗಿ ಶಾಖೆಯ ಹೆಸರು, ರಕ್ತ ಕೊಟ್ಟ ತಾರೀಖು, ನಂಬರು ಎಂದು ಇಟ್ಟೆ. ಆದರೆ ಹಳೆಯ ಲಿಂಕುಗಳು ಸಾವಿರಾರು ಮೊಬೈಲುಗಳಲ್ಲಿ ಮೆಸೇಜಾಗಿ ಕೂತಿದ್ದವು. ನಮ್ಮ ಕಡೆ ಜನ ಅವನ್ನು ಅಳಿಸುವುದಿಲ್ಲ. ಯಾವ ಡಾಕ್ಟರು ಹಳೆಯ ರಿಪೋರ್ಟು ಕೇಳಿದರೂ ಜೇಬಿನಿಂದ ಮೊಬೈಲು ತೆಗೆದು ಲಿಂಕ್ ಒತ್ತಿ ಮುಂದೆ ಹಿಡಿಯುತ್ತಾರೆ. ಹಾಗಾಗಿ ಹಳೆಯ ವಿಳಾಸ ಹುಡುಕಿಕೊಂಡು ಬಂದವರನ್ನು ಸರ್ವರೇ ಹೊಸ ವಿಳಾಸಕ್ಕೆ ದಾಟಿಸಬೇಕು. ಇದಕ್ಕೆ ರಿಡೈರೆಕ್ಟ್ ಎನ್ನುತ್ತಾರೆ. ಯಾವ ಹಳೆಯದು ಯಾವ ಹೊಸದಕ್ಕೆ ಎಂದು ಹೊಂದಿಸುವ ನಿಯಮ ಬರೆಯುವುದೇ ಅದರ ಮುಖ್ಯ ಕೆಲಸ.

ನಿಯಮ ಸರಳವಾಗಿತ್ತು. ಹಳೆಯ ಲಿಂಕಿನಲ್ಲಿ ಕುಷ್ಟಗಿ, ಜೂನ್, ನಲವತ್ತೈದು ಎಂದಿದ್ದರೆ, ಕುಷ್ಟಗಿ ಶಾಖೆಯಲ್ಲಿ ಜೂನ್ ತಿಂಗಳ ಯಾವುದೋ ತಾರೀಖಿಗೆ ನಲವತ್ತೈದನೇ ನಂಬರಿನಲ್ಲಿ ರಕ್ತ ಕೊಟ್ಟವರನ್ನು ಹುಡುಕು, ಅವರ ಹೊಸ ವಿಳಾಸಕ್ಕೆ ಕಳಿಸು. ಹಳೆಯ ಡೇಟಾದಲ್ಲಿ ‘ತಿಂಗಳು’ ಎಂಬ ಒಂದು ಕಾಲಂ ಬೇರೆ ಇತ್ತು, ಶಾಖೆಯವರು ಕೈಯಾರೆ ತುಂಬುತ್ತಿದ್ದದ್ದು. ತಾರೀಖೇ ಇರುವಾಗ ತಿಂಗಳನ್ನು ಮತ್ತೊಮ್ಮೆ ಇಟ್ಟುಕೊಳ್ಳುವುದು ಯಾಕೆ ಎಂದು ಆ ಕಾಲಂ ಬಿಟ್ಟುಬಿಟ್ಟಿದ್ದೆ. ಆಮೇಲೆ ನಾಲ್ಕೂ ಶಾಖೆಗಳ ಒಂದಷ್ಟು ಲಿಂಕುಗಳನ್ನು ಒತ್ತಿ ನೋಡಿದ್ದೆ. ಎಲ್ಲವೂ ಸರಿಯಾಗಿ ತೆರೆದುಕೊಂಡಿದ್ದವು.

ಈಗ ಸಾವಕಾರರ ಲಿಂಕನ್ನು ಹಾಕಿದೆ. ಯಾರೋ ಹೆಣ್ಣುಮಗಳ ವರದಿ ತೆರೆಯಿತು. ಪಕ್ಕದ ನಂಬರು ಹಾಕಿದೆ, ಅದೂ ತಪ್ಪು. ಇನ್ನೊಂದು, ತಪ್ಪು. ಮುಂದೆ ಎಲ್ಲೋ ಹೋಗಿ ನೂರರ ಮೇಲಿನ ನಂಬರುಗಳನ್ನು ಹಾಕಿದರೆ ಎಲ್ಲವೂ ಸರಿ. ಗಂಗಾವತಿಯದು ಸರಿ, ಕೊಪ್ಪಳದ್ದು ಸರಿ, ಯಲಬುರ್ಗಾದ್ದು ಸರಿ. ಕುಷ್ಟಗಿಯದು ಮಾತ್ರ ಪ್ರತಿ ತಿಂಗಳೂ ಮೊದಲ ನಂಬರುಗಳು ಒಬ್ಬರದು ಇನ್ನೊಬ್ಬರಿಗೆ. ನನ್ನ ನಗು ಅಲ್ಲಿಗೆ ನಿಂತಿತು. ಪೂರ್ತಿ ಕೆಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಇದು ಅರೆಬರೆ ಕೆಟ್ಟಿತ್ತು, ಅದೇ ಭಯಂಕರ.

ಕುಷ್ಟಗಿ ಶಾಖೆಯ ಇನ್‌ಚಾರ್ಜ್‌ಗೆ ಫೋನು ಹಚ್ಚಿದೆ. ದೊಡ್ಡ ದನಿಯ ಮನುಷ್ಯ. ಶಾಖೆಯಲ್ಲಿ ಅವರದೂ ಪಾಲಿತ್ತು, ಹಾಗಾಗಿ ಯಾರ ಮಾತನ್ನೂ ಸುಲಭಕ್ಕೆ ಒಪ್ಪುವವರಲ್ಲ. ನಿಮ್ಮಲ್ಲಿ ತಿಂಗಳ ನಂಬರು ಯಾವತ್ತಿನಿಂದ ಶುರುವಾಗುತ್ತದೆ ಎಂದು ಕೇಳಿದೆ.

“ಯಾವತ್ತಂದ್ರ? ಅಮಾವಾಸಿಗೆ ಮಶೀನ್ ಪೂಜಿ ಮಾಡ್ತೀವಲ್ರಿ ಮೇಡಂ. ಕಾಯಿ ಒಡದು, ಲಿಂಬಿಹಣ್ಣು ಕಟ್ಟಿ, ಮರುದಿನದಿಂದ ಒಂದನೇ ನಂಬರ್ ಹಚ್ತೀವಿ.”

“ಒಂದನೇ ತಾರೀಖಿನಿಂದ ಅಲ್ಲವೇ?”

“ಒಂದನೇ ತಾರೀಖಿಗೆ ಯಾವ ಪೂಜಿ ಐತ್ರಿ? ನಮ್ಮಪ್ಪನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಇದ್ದಾಗಿಂದ್ಲೂ ನಮ್ದು ಅಮಾವಾಸಿ ಲೆಕ್ಕನ. ಶಾಖಾ ತೆಗದಾಗಿಂದ ಹಂಗ ನಡದೈತಿ. ಯಾರೂ ಏನೂ ಅಂದಿಲ್ಲ.”

ಯಾರು ಏನನ್ನಬೇಕು? ಹಳೆಯ ಅಪ್ಲಿಕೇಶನ್ನು ಅವರು ತುಂಬಿದ ತಿಂಗಳನ್ನು ಹಾಗೆಯೇ ನಂಬುತ್ತಿತ್ತು, ಆದ್ದರಿಂದ ಅದು ತಪ್ಪಿರಲಿಲ್ಲ. ಮೇ ಕೊನೆಯಲ್ಲಿ ಅಮಾವಾಸ್ಯೆ ಬಂತೆಂದರೆ ಮರುದಿನವೇ ಅವರ ಪಾಲಿಗೆ ಜೂನ್ ಶುರು. ಮೇ ಇಪ್ಪತ್ತೊಂಬತ್ತಕ್ಕೆ ರಕ್ತ ಕೊಟ್ಟವರಿಗೆ ಜೂನ್ ತಿಂಗಳ ನಲವತ್ತೈದನೇ ನಂಬರು. ನನ್ನ ನಿಯಮ ಅದನ್ನು ನಿಜವಾದ ಜೂನ್ ತಾರೀಖುಗಳಲ್ಲಿ ಹುಡುಕುತ್ತಿತ್ತು. ಅಲ್ಲಿ ಸಿಗುತ್ತಿದ್ದದ್ದು ಜೂನ್ ಕೊನೆಯ ಅಮಾವಾಸ್ಯೆ ಕಳೆದ ಮೇಲೆ ಬಂದ ನಲವತ್ತೈದನೆಯವರು, ಪೂರ್ತಿ ಬೇರೆ ಮನುಷ್ಯ. ಗೋಡೆಯ ಕ್ಯಾಲೆಂಡರ್ ಇಳಿಸಿ ಕಪ್ಪು ಚುಕ್ಕೆ ಇರುವ ದಿನಗಳನ್ನು ಡೇಟಾದ ಜೊತೆ ಇಟ್ಟು ನೋಡಿದೆ. ಒಂದೂ ತಪ್ಪದೆ ಹೊಂದಿತು. ಅಮಾವಾಸ್ಯೆ ನೋಡಿಕೊಂಡು ಪ್ರೋಗ್ರಾಮು ಬರೆಯಬೇಕು ಎಂದು ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ.

ಬಿಟ್ಟುಬಿಟ್ಟಿದ್ದ ತಿಂಗಳ ಕಾಲಮನ್ನು ಹಳೆಯ ಬ್ಯಾಕಪ್ಪಿನಿಂದ ತಂದು ಕೂಡಿಸಿದೆ. ನಿಯಮ ಬದಲಿಸಿದೆ. ಕುಷ್ಟಗಿಯ ಎಲ್ಲ ಹಳೆಯ ಲಿಂಕುಗಳನ್ನೂ ಒಂದು ಸ್ಕ್ರಿಪ್ಟ್ ಬರೆದು ಓಡಿಸಿ, ಬ್ಯಾಕಪ್ಪಿನ ಹೆಸರು, ತೆರೆದ ಪುಟದ ಹೆಸರು ಎರಡನ್ನೂ ತಾಳೆ ನೋಡಿದೆ. ಎಲ್ಲ ಸರಿಯಾಯಿತು. ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡು ಸಾವಕಾರರಿಗೆ ಫೋನು ಮಾಡಿ, ಈಗ ಒತ್ತಿ ನೋಡಿ ಎಂದೆ.

ಅವರು ಲಿಂಕ್ ಒತ್ತಿದರು. ಆಮೇಲೆ ಅವರ ದನಿ ಬಂತು. “ಇನ್ನೂ ಬಸರ ಅದೀನವಾ.”

ಸುಳ್ಳು ಹೇಳುವುದಿಲ್ಲ, ಮೊದಲು ಅವರ ಮೇಲೆ ಸಿಟ್ಟು ಬಂತು. ಯಾವುದೋ ಬೇರೆ ಲಿಂಕ್ ಒತ್ತಿರಬೇಕು ಅಂದುಕೊಂಡೆ. ಸರ್ವರಿನ ಲಾಗು ತೆರೆದು ನೋಡಿದೆ. ಯಾರು ಯಾವ ವಿಳಾಸ ಕೇಳಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಸಾವಕಾರರು ಒತ್ತಿದ ಹೊತ್ತಿಗೆ ಹಳೆಯ ವಿಳಾಸಕ್ಕೆ ಯಾರೂ ಬಂದೇ ಇರಲಿಲ್ಲ. ಅವರ ಮೊಬೈಲು ನೆಟ್ಟಗೆ ಹೊಸ ವಿಳಾಸಕ್ಕೆ, ಅದೇ ತಪ್ಪು ಹೆಣ್ಣುಮಗಳ ಪುಟಕ್ಕೆ ಹೋಗಿತ್ತು.

ಆಗ ತಪ್ಪು ಎಲ್ಲಿದೆ ಎಂದು ಹೊಳೆಯಿತು. ಸರ್ವರು ರಿಡೈರೆಕ್ಟ್ ಮಾಡುವಾಗ ಎರಡು ಬಗೆಯ ಉತ್ತರ ಕೊಡಬಹುದು. ಒಂದು, ಸದ್ಯಕ್ಕೆ ಅಲ್ಲಿಗೆ ಹೋಗು. ಇನ್ನೊಂದು, ಇವರು ಕಾಯಂ ಆಗಿ ಅಲ್ಲಿಗೆ ಹೋಗಿದ್ದಾರೆ. ಮೊದಲನೆಯದರ ಸಂಖ್ಯೆ ಮುನ್ನೂರ ಎರಡು, ಎರಡನೆಯದರದು ಮುನ್ನೂರ ಒಂದು. ನಾನು ಕೊಟ್ಟಿದ್ದು ಮುನ್ನೂರ ಒಂದು, ಏಕೆಂದರೆ ಹಳೆಯ ಸರ್ವರು ಕಾಯಂ ಆಗಿಯೇ ಮುಚ್ಚುವುದಿತ್ತು. ಕಾಯಂ ಎಂದು ಒಮ್ಮೆ ಕೇಳಿದ ಮೊಬೈಲು ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದೆ ಹಳೆಯ ವಿಳಾಸಕ್ಕೆ ಬಂದು ಕೇಳುವುದೇ ಇಲ್ಲ. ಅಂದರೆ ಈ ವಾರಗಳಲ್ಲಿ ಯಾರು ಯಾರು ತಮ್ಮ ಹಳೆಯ ಲಿಂಕ್ ಒತ್ತಿದ್ದರೋ ಅವರೆಲ್ಲರ ಮೊಬೈಲಿನಲ್ಲೂ ತಪ್ಪು ವಿಳಾಸ ಗಟ್ಟಿಯಾಗಿ ಕೂತಿತ್ತು. ಸರ್ವರಿನಲ್ಲಿ ನಾನು ಏನು ತಿದ್ದಿದರೂ ಅದು ಅವರಿಗೆ ಮುಟ್ಟುವುದಿಲ್ಲ.

ಮೊಬೈಲಿನ ಬ್ರೌಸರಿನ ನೆನಪನ್ನು ಅಳಿಸಿದರೆ ಸರಿಹೋಗುತ್ತದೆ. ಸಾವಕಾರರಿಗೆ ಹೇಳಿ ನೋಡಿದೆ.

“ಅಳಿಸಿದ್ರ ಮೊಮ್ಮಗನ ಫೋಟೋ ಹೊಕ್ಕಾವೇನು?”

“ಇಲ್ಲರಿ, ಅದು ಬೇರೆ, ಇದು ಬೇರೆ.”

“ಯಾವ್ದು ಬ್ಯಾರೆ, ಯಾವ್ದು ಒಂದ ಅಂತ ನನಗೇನು ತಿಳೀತೈತೆವಾ. ಬ್ಯಾಡ ಬಿಡು, ಹಿಂಗ ಇರ್ಲಿ.”

ಒಬ್ಬರಿಗೇ ಹೀಗಾದರೆ ಕುಷ್ಟಗಿ ತಾಲ್ಲೂಕಿನಷ್ಟೂ ಜನಕ್ಕೆ ಹೇಳಿ ಅಳಿಸುವುದು ಆಗದ ಮಾತು. ನಾನು ಎದ್ದು ಸೀದಾ ಡಾಕ್ಟರ ಹತ್ತಿರ ಹೋದೆ. ಕುಷ್ಟಗಿಯ ಇನ್‌ಚಾರ್ಜನ್ನೂ ಅವರು ಕೊಪ್ಪಳಕ್ಕೆ ಕರೆಸಿಕೊಂಡರು.

ನನ್ನ ಹತ್ತಿರ ಉಳಿದಿದ್ದದ್ದು ಒಂದೇ ದಾರಿ. ಮೊಬೈಲುಗಳು ಹೊಸ ವಿಳಾಸಕ್ಕೆ ನೆಟ್ಟಗೆ ಬರುತ್ತವೆ ಎಂದಾದರೆ ಆ ಹೊಸ ವಿಳಾಸಗಳನ್ನೇ ಇಲ್ಲವಾಗಿಸಬೇಕು. ಕುಷ್ಟಗಿಯ ಅಷ್ಟೂ ವರದಿಗಳನ್ನು ಮೂರನೆಯ ಜಾಗಕ್ಕೆ ಒಯ್ದು, ಈಗಿನ ವಿಳಾಸಗಳಲ್ಲೆಲ್ಲ ಒಂದೇ ಒಂದು ಪುಟ ತೆರೆಯುವಂತೆ ಮಾಡಬೇಕು: ಇಲ್ಲಿ ನೀವು ನೋಡಿದ ವರದಿ ಬೇರೆಯವರದಾಗಿರಬಹುದು, ಅದನ್ನು ನಂಬಿ ಔಷಧಿ ತೆಗೆದುಕೊಂಡಿದ್ದರೆ ಕೂಡಲೇ ಫೋನು ಮಾಡಿ. ನನ್ನ ಚೊಕ್ಕಟ ವಿಳಾಸಗಳೆಲ್ಲ ಅಲ್ಲಿಗೆ ಸತ್ತವು. ಸಾಯಲಿ.

ಇನ್‌ಚಾರ್ಜ್ ಕುರ್ಚಿಯಿಂದ ಎದ್ದೇಬಿಟ್ಟರು. “ಬ್ಯಾರೆಯವರ ವರದಿ ಅಂತ ನಾವ ಬರಕೊಂಡ್ರ ನಾಳಿಂದ ಲ್ಯಾಬಿನ ಬಾಗಲಾ ಯಾರ ತುಳಿತಾರ್ರಿ? ತಾಂತ್ರಿಕ ಕಾರಣದಿಂದ ಸೇವೆ ಇಲ್ಲ ಅಂತ ಹಾಕ್ರಿ, ಸಾಕು.”

ಡಾಕ್ಟರಿಗೂ ಅದೇ ಸರಿ ಅನ್ನಿಸಿದಂತಿತ್ತು. ನನ್ನ ದನಿ ಏರಿತು. ತಾಂತ್ರಿಕ ಕಾರಣ ಅಂದರೆ ಜನ ಮೊದಲು ನೋಡಿದ್ದನ್ನೇ ನಿಜ ಅಂತ ಇಟ್ಟುಕೊಳ್ಳುತ್ತಾರೆ, ಪುಟ ಮುಚ್ಚಿದ್ದು ಗೊತ್ತಾಗುತ್ತದೆಯೇ ಹೊರತು ನೋಡಿದ್ದು ತಪ್ಪು ಅಂತ ಗೊತ್ತಾಗುವುದಿಲ್ಲ ಎಂದೆ. ಡಾಕ್ಟರು ಲಾಗಿನಿಂದ ನಾನು ತೆಗೆದಿದ್ದ ಕಾಗದ ಕೇಳಿದರು. ತಪ್ಪು ಪುಟ ಯಾರ ಲಿಂಕಿನಿಂದ ತೆರೆದಿದೆ, ಅವರ ನಿಜವಾದ ವರದಿ ಏನು, ಅವರು ನೋಡಿದ್ದು ಏನು ಎಂದು ಅಕ್ಕಪಕ್ಕ ಹಾಕಿದ್ದೆ.

ಸಕ್ಕರೆ, ಥೈರಾಯಿಡ್, ಮೂತ್ರ ಎಂದು ಬೆರಳಾಡಿಸುತ್ತ ಬಂದವರು ಒಂದು ಕಡೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಬ್ಬ ಗರ್ಭಿಣಿ. ಮೂರನೇ ತಿಂಗಳಲ್ಲಿ ಕುಷ್ಟಗಿಯಲ್ಲಿ ರಕ್ತ ಕೊಟ್ಟಿದ್ದಾಳೆ. ನಿಜವಾದ ರಕ್ತದ ಗುಂಪು ಓ ನೆಗೆಟಿವ್. ಅವಳ ಲಿಂಕು ತೋರಿಸಿದ್ದು ಬಿ ಪಾಸಿಟಿವ್. ಅವಳ ದುರದೃಷ್ಟಕ್ಕೆ, ತೆರೆದುಕೊಂಡದ್ದೂ ಇನ್ನೊಬ್ಬ ಗರ್ಭಿಣಿಯದೇ ವರದಿ. ಮುದುಕರದ್ದೋ ಮಕ್ಕಳದ್ದೋ ಆಗಿದ್ದರೆ ಸಾವಕಾರರ ಹಾಗೆ ಅವಳ ಮನೆಯವರೂ ನಗುತ್ತಿದ್ದರು.

“ಈಕಿಗೆ ಮೊದಲನೇ ಬಸರು ನಿಂತಿಲ್ಲ ಅಂತ ಇಲ್ಲೆ ಬರದೈತಿ,” ಎಂದರು ಡಾಕ್ಟರು. “ತಾಯಿ ನೆಗೆಟಿವ್, ಗಂಡ ಪಾಸಿಟಿವ್ ಇದ್ದರ ಏಳನೇ ತಿಂಗಳದಾಗ ಒಂದು ಇಂಜೆಕ್ಷನ್ ಕೊಡ್ಲೇಬೇಕು. ಕೊಡದಿದ್ದರ ತಾಯಿ ರಕ್ತಾನ ಕೂಸಿನ ರಕ್ತದ ಮ್ಯಾಲ ತಿರುಗಿ ಬೀಳ್ತೈತಿ. ಈ ಕೂಸು ಉಳದ್ರೂ ಮುಂದಿಂದು ಹೊಟ್ಟ್ಯಾಗ ಹೋಗ್ತೈತಿ. ಈಗ ಈಕಿಗೆ ಎಷ್ಟನೇ ತಿಂಗಳು?”

ನಾನು ಲೆಕ್ಕ ಹಾಕಿದೆ. ಏಳನೆಯದೇ. ಕಾಗದದ ಮೇಲೆ ಏಳು ಎಂದು ಬರೆದು ಅವರ ಮುಂದೆ ಸರಿಸಿದೆ. ಒಂದು ಕಾಲಂ ಬೇಡ ಎಂದು ಬಿಟ್ಟದ್ದು ಹುಟ್ಟದೇ ಇರುವ ಕೂಸಿನ ತನಕ ಹೋಗುತ್ತದೆ ಎಂದು ನನ್ನ ಕನಸಿನಲ್ಲೂ ಇರಲಿಲ್ಲ.

“ನೀ ಅಂದಂಗ ಬರಿ,” ಎಂದರು ಡಾಕ್ಟರು ನನಗೆ. “ಬ್ಯಾರೆಯವರದು ಅಂತ ನೆಟ್ಟಗ ಬರಿ. ದಪ್ಪ ಅಕ್ಷರದಾಗ ಬರಿ.” ಇನ್‌ಚಾರ್ಜ್ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

ಅವರ ಟೇಬಲ್ಲಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮುಗಿಸಿದೆ. ಹೊಸ ವಿಳಾಸಗಳಿಗೆ ನಾನೂರ ಹತ್ತು ಎಂಬ ಉತ್ತರ ಹಾಕಿದೆ, ಅಂದರೆ ಇದು ಇನ್ನು ಇಲ್ಲ, ಮತ್ತೆ ಬರುವುದೂ ಇಲ್ಲ. ಜೊತೆಗೆ ಆ ಎಚ್ಚರಿಕೆಯ ಪುಟ. ಮೂರನೆಯ ವಿಳಾಸಗಳಲ್ಲಿ ತಾರೀಖೂ ಇಲ್ಲ, ನಂಬರೂ ಇಲ್ಲ, ಯಾರೂ ಊಹಿಸಲಾಗದ ಉದ್ದನೆಯ ಅಕ್ಷರಮಾಲೆ ಮಾತ್ರ. ಅತ್ತ ಡಾಕ್ಟರು ನಮ್ಮಲ್ಲಿ ದಾಖಲಾಗಿದ್ದ ನಂಬರಿಗೆ ಫೋನು ಮಾಡುತ್ತಿದ್ದರು. ಅದು ಹುಡುಗಿಯ ಗಂಡನದು.

“ಕುಬಸ ಮಾಡಿ ತವರುಮನಿಗೆ ಕರಕೊಂಡು ಹೋಗ್ಯಾರ್ರಿ,” ಎಂದ ಆತ. “ಮಂಗಳೂರಾಗ ಅದಾಳ್ರಿ.”

ಕುಬಸ ಅಂದರೆ ಸೀಮಂತ. ಮಂಗಳೂರು ಅಂದದ್ದು ಕರಾವಳಿಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಆತ ಕೊಟ್ಟ ನಂಬರಿಗೆ ಮಾಡಿದರೆ ಹುಡುಗಿಯ ಅಣ್ಣ ಎತ್ತಿದ. ಡಾಕ್ಟರು ಫೋನನ್ನು ಸ್ಪೀಕರಿಗೆ ಹಾಕಿದರು.

“ಹೌದ್ರೀ ಸರ, ಮೊನ್ನೆ ಯಲಬುರ್ಗಾದಾಗ ತೋರಿಸ್ಕೊಂಡು ಬಂದೀವಿ. ತಾಯಿ ಕಾರ್ಡು ಗಂಡನ ಮನ್ಯಾಗ ಉಳದಿತ್ರಿ. ಲಿಂಕ್ ಐತಲ್ಲ ಅಂತ ಭಾವ ನನ್ನ ಮೊಬೈಲಿಗೆ ಕಳಿಸಿದ್ರು. ಅದನ್ನ ಡಾಕ್ಟರ್ ಮೇಡಮ್ಮಗ ತೋರಿಸಿದ್ವಿ. ಪಾಸಿಟಿವ್ ಐತಿ, ಛಲೋ ಆತು, ಆ ಇಂಜೆಕ್ಷನ್ ಬೇಕಿಲ್ಲ ಅಂದ್ರು. ಮತ್ತ ಸೂಜಿ ಯಾಕ ಚುಚ್ಚಸೂದು ಅಂತ ನಾವೂ ಸುಮ್ಮಾದ್ವಿ.”

“ಅದರಾಗ ಹೆಸರು ಗೀತಾ ಅಂತ ಇತ್ತಲ್ಲೋ ತಮ್ಮಾ. ನೋಡ್ಲಿಲ್ಲೇನು?”

“ನೋಡಿದ್ವಿರಿ. ಡಾಕ್ಟರ್ ಮೇಡಮ್ಮಾರೂ ಕೇಳಿದ್ರು. ನಮ್ಮ ಮನ್ಯಾಗ ಹುಲಿಗೆವ್ವ, ಮದುವಿಯಾದಮ್ಯಾಲ ಅವರ ಮನ್ಯಾಗ ಬ್ಯಾರೆ ಹೆಸರು ಇಟ್ಟಾರ್ರಿ ಅಂತ ನಾನ ಹೇಳಿದ್ನಿ. ಗಂಡನ ಮನಿ ಹೆಸರು ಅದ ಇರಬೇಕು ಅಂದ್ಕೊಂಡ್ನಿ.”

ನಾನೂ ಡಾಕ್ಟರೂ ಮುಖ ಮುಖ ನೋಡಿಕೊಂಡೆವು. ಮದುವೆಯ ದಿನ ಹೆಣ್ಣಿಗೆ ಹೆಸರು ಬದಲಿಸುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದ್ದದ್ದೇ. ನನ್ನ ತಾಯಿಗೂ ಎರಡು ಹೆಸರು. ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಹೆಸರಿದೆ, ಏನೇ ತಪ್ಪಾದರೂ ಜನ ಹೆಸರು ನೋಡಿ ಹಿಡಿಯುತ್ತಾರೆ ಎಂದು ನಾನು ಆ ಬೆಳಗಿನಿಂದ ಒಳಗೊಳಗೆ ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನವೂ ಹೋಯಿತು.

ಡಾಕ್ಟರು ತಮ್ಮ ಕಾರು ಕೊಟ್ಟರು. ಇಂಜೆಕ್ಷನ್ನನ್ನು ಮೆಡಿಕಲ್ ಅಂಗಡಿಯಿಂದ ತರಿಸಿ ಐಸ್ ತುಂಬಿದ ಡಬ್ಬಿಯಲ್ಲಿ ಇಟ್ಟರು. ರಕ್ತದ ಗುಂಪು ನೋಡುವ ಮೂರು ಸಣ್ಣ ಬಾಟಲಿಗಳನ್ನೂ ಜೊತೆಗಿಟ್ಟು, “ಮೊದಲು ಅಲ್ಲೆ ಹೊಸದಾಗಿ ನೋಡ್ರಿ. ಆಮ್ಯಾಲ ಯಲಬುರ್ಗಾ ಡಾಕ್ಟರ್ ಹತ್ರ ಕರಕೊಂಡು ಹೋಗ್ರಿ, ನಾ ಅವ್ರಿಗೆ ಫೋನ್ ಮಾಡ್ತೀನಿ,” ಎಂದು ಇನ್‌ಚಾರ್ಜಿಗೆ ಹೇಳಿದರು. ನೀನು ಹೋಗಬೇಕಾಗಿಲ್ಲ ಎಂದು ನನಗೆ ಅಂದರೂ ನಾನು ಕೇಳಲಿಲ್ಲ. ಆಫೀಸಿನಲ್ಲಿ ಕೂತಿದ್ದರೆ ತಲೆ ಕೆಟ್ಟು ಹೋಗುತ್ತಿತ್ತು.

ದಾರಿಯುದ್ದಕ್ಕೂ ಇನ್‌ಚಾರ್ಜ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅವರ ಅಮಾವಾಸ್ಯೆಯ ಲೆಕ್ಕಕ್ಕೆ ಬೈಯಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅವರಿಗೂ ನನ್ನ ತಾರೀಖಿನ ಲೆಕ್ಕಕ್ಕೆ ಬೈಯಬೇಕೆಂದು ಬಂದಿರಬಹುದು. ಕಪ್ಪು ಹೊಲಗಳಲ್ಲಿ ಕಡಲೆ ಹೂ ಬಿಟ್ಟಿತ್ತು. ನನ್ನ ಮೊಬೈಲು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಎಚ್ಚರಿಕೆಯ ಪುಟ ನೋಡಿದವರ ಫೋನುಗಳು. ಒಬ್ಬರು ಬೈದರು. ಒಬ್ಬರು ಅತ್ತರು. ಎಲ್ಲರ ಹೆಸರಿನ ಜೊತೆ ಊರು, ಮನೆಯವರ ಹೆಸರು, ಮೊಬೈಲ್ ನಂಬರು ಎಲ್ಲವನ್ನೂ ಕೇಳಿ ಬರೆದುಕೊಂಡೆ. ಬರೀ ಹೆಸರನ್ನು ನಂಬುವ ಧೈರ್ಯ ನನಗೆ ಉಳಿದಿರಲಿಲ್ಲ.

ಮಂಗಳೂರಿನ ಆ ಮನೆಯವರಿಗೆ ಸ್ವಲ್ಪ ಹೊಲ, ಎರಡು ಎಮ್ಮೆ. ಹುಡುಗಿ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಕೈತುಂಬ ಹಸಿರು ಬಳೆ. ಇಪ್ಪತ್ತು ದಾಟಿದ್ದರೆ ಹೆಚ್ಚು. ನಾವು ಬಂದ ಕಾರಣ ಕೇಳಿ ಅವಳ ತಾಯಿ, “ಯವ್ವಾ, ಕೂಸಿಗೆ ಏನಾಗೇತ್ರಿ?” ಎಂದು ಮಗಳ ಕೈ ಹಿಡಿದುಕೊಂಡಳು. ಏನೂ ಆಗಿಲ್ಲ, ಆಗಬಾರದು ಅಂತಲೇ ಬಂದಿದ್ದೇವೆ ಎಂದು ಹೇಳಿದೆನಾದರೂ ನನ್ನ ಮಾತು ನನಗೇ ಗಟ್ಟಿ ಅನ್ನಿಸಲಿಲ್ಲ.

ಇನ್‌ಚಾರ್ಜ್ ಬಿಳಿ ಟೈಲ್ಸು ತೆಗೆದು ಅವಳ ಬೆರಳಿನಿಂದ ಮೂರು ಹನಿ ರಕ್ತ ಹಾಕಿದರು. ಒಂದೊಂದಕ್ಕೂ ಒಂದೊಂದು ಬಾಟಲಿಯ ಔಷಧಿ ಬಿಟ್ಟು ಕಡ್ಡಿಯಿಂದ ಕಲಸಿದರು. ಮೂರನೆಯ ಹನಿಯಲ್ಲಿ ರಕ್ತ ರವೆಯಂತೆ ಒಡೆದು ಗುಂಪಾದರೆ ಪಾಸಿಟಿವ್. ಹಾಗೇ ಉಳಿದರೆ ನೆಗೆಟಿವ್. ಎಲ್ಲರೂ ಆ ಟೈಲ್ಸಿನ ಮೇಲೆ ಬಾಗಿ ನಿಂತೆವು. ಅವರು ಅದನ್ನು ಅತ್ತಿತ್ತ ಓಲಾಡಿಸಿದರು, ಬೆಳಕಿಗೆ ಹಿಡಿದರು, ಮತ್ತೆ ಓಲಾಡಿಸಿದರು. ಮೂರು ಹನಿಯೂ ನುಣ್ಣಗೆ ಕೆಂಪಗೆ ಉಳಿದವು.

“ಓ ನೆಗೆಟಿವ್,” ಎಂದರು. ಆ ದೊಡ್ಡ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಎಲ್ಲರೂ ಅದೇ ಕಾರಿನಲ್ಲಿ ಯಲಬುರ್ಗಾಕ್ಕೆ ಹೋದೆವು. ಡಾಕ್ಟರ್ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. ತಮ್ಮಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು, ಬೇರೆ ಒಂದು ಪರೀಕ್ಷೆಗೂ ರಕ್ತ ತೆಗೆದರು. ಅದರ ಫಲಿತಾಂಶ ನೋಡಿ, ಇನ್ನೂ ತಡವಾಗಿಲ್ಲ, ತಾಯಿಯ ರಕ್ತ ಕೂಸಿನ ಮೇಲೆ ತಿರುಗಿಲ್ಲ ಎಂದರು. ಇಂಜೆಕ್ಷನ್ ಕೊಟ್ಟರು. ಹುಡುಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಅಣ್ಣ ಎಲ್ಲರಿಗೂ ಚಹಾ ತರುತ್ತೇನೆ ಎಂದು ಹೋದ. ನಾನು ಬೆಂಚಿನ ಮೇಲೆ ಹುಡುಗಿಯ ಪಕ್ಕ ಕೂತೆ.

ಹತ್ತನೇ ಕ್ಲಾಸು ಓದಿದವಳು ಅವಳು. ಫೋನಿನಲ್ಲಿ ಆ ಪುಟವನ್ನು ತಾನೂ ನೋಡಿದ್ದೆ ಎಂದು ದಾರಿಯಲ್ಲಿ ಹೇಳಿದ್ದಳು. ನನಗೆ ತಡೆಯಲಾಗಲಿಲ್ಲ.

“ಅಣ್ಣಗ ಗೊತ್ತಿರಲಿಲ್ಲ, ಸರಿ. ನಿನಗ ಗಂಡನ ಮನ್ಯಾಗ ಏನಂತ ಕರೀತಾರವಾ?”

“ಸುಜಾತಾ ಅಂತ್ರಿ ಅಕ್ಕಾರ.”

“ಮತ್ತ ಅದರಾಗ ಗೀತಾ ಅಂತ ಇತ್ತಲ್ಲ. ಇದು ನಂದಲ್ಲ ಅಂತ ಯಾಕ ಹೇಳ್ಲಿಲ್ಲ?”

ಅವಳು ಸೂಜಿ ಚುಚ್ಚಿದ ತೋಳನ್ನು ಮೆಲ್ಲಗೆ ಉಜ್ಜಿಕೊಂಡಳು. ನಾನು ಇಷ್ಟು ಸರಳ ವಿಷಯ ಕೇಳುತ್ತಿದ್ದೇನಲ್ಲ ಎಂಬಂತೆ ನನ್ನ ಕಡೆ ನೋಡಿದಳು.

“ಮತ್ತ ಬದಲ ಮಾಡ್ಯಾರೇನೋ ಅಂದ್ಕೊಂಡ್ನಿರಿ.”

“ಹಂಗ ನಿನಗ ಹೇಳದ ಕೇಳದ ಹೆಸರು ಬದಲ ಮಾಡ್ತಾರೇನು?”

“ಮದುವಿ ದಿನ ಅಕ್ಕಿ ತಾಟಿನ್ಯಾಗ ಉಂಗುರದಿಂದ ಸುಜಾತಾ ಅಂತ ಬರದ್ರಲ್ರಿ,” ಎಂದಳು, “ಅವತ್ತೂ ನನ್ನ ಯಾರೂ ಕೇಳಿದ್ದಿಲ್ರಿ.”